ತೊಟ್ಟಿಲ ಕೋಣೆಗೆ ಬಂದ ತೋಪಿನವರು

ಬೆಚ್ಚಗಿದೆ, ಎದೆಯ ನಡುವೆ ಅಂಗೈಯಗಲದ ಜಾಗ ಮಾತ್ರ ಬೆಚ್ಚಗಿದೆ, ಬಿಚ್ಚಿದ ಅಂಗಿಯ ಎರಡೂ ಅಂಚಿನಿಂದ ತಣ್ಣನೆ ಗಾಳಿ ಒಳನುಗ್ಗುತ್ತಿದೆ, ನುಗ್ಗಲಿ, ಅವಳ ಬೆನ್ನ ಮೇಲೆ ನನ್ನ ಕೈಯಿದೆ, ಕೈಯ ಮೇಲೆ ಮಡಿಸಿದ ಹೊದಿಕೆಯಿದೆ — ಇಷ್ಟು ಹಗುರವೆ, ಜೇಬಿನಲ್ಲಿರುವ ಕನ್ನಡಕದ ಡಬ್ಬಿಯೇ ಇದಕ್ಕಿಂತ ಭಾರ ಅನ್ನಿಸುತ್ತಿದೆ. ಮೂಗಿಗೆ ನಳಿಕೆ, ಪಾದಕ್ಕೆ ಕೆಂಪಗೆ ಮಿನುಗುವ ಪಟ್ಟಿ, ತಲೆಗೆ ಹಳದಿ ಟೋಪಿ, ಅದು ಓರೆಯಾಗಿ ಹುಬ್ಬಿನವರೆಗೂ ಜಾರಿದೆ, ಸರಿಮಾಡಲು ಕೈ ತೆಗೆದರೆ ಬೆನ್ನು ತಣ್ಣಗಾದೀತು, ಇರಲಿ. ನನ್ನ ಮಗಳ ಮಗಳು, ಇನ್ನೂ ಹೆಸರಿಲ್ಲ, ತಿಂಗಳು ತುಂಬುವ ಮೊದಲೇ ಆತುರಪಟ್ಟು ಬಂದುಬಿಟ್ಟಿದ್ದಾಳೆ. ಅಳಿಯ ಇನ್ನೂ ರೈಲಿನಲ್ಲಿದ್ದಾನೆ. ಮಗಳು ಮೇಲಿನ ಮಹಡಿಯಲ್ಲಿ, ಆಪರೇಷನ್ ಆದಮೇಲೆ ಏರಿದ ಜ್ವರ ಇಳಿಯುವವರೆಗೂ ಕೆಳಗೆ ಬರುವ ಹಾಗಿಲ್ಲ ಎಂದಿದ್ದಾರೆ ಡಾಕ್ಟರು. ನನ್ನವಳಿಗೆ ಕೆಮ್ಮು, ಗಾಜಿನ ಆಚೆ ಮೂಗಿಗೆ ಸೆರಗು ಹಿಡಿದು ನಿಂತಿದ್ದಾಳೆ, ನಾನು ನೋಡಿದಾಗಲೆಲ್ಲ ತಲೆಯಾಡಿಸುತ್ತಾಳೆ, ಏನು ಹೇಳುತ್ತಿದ್ದಾಳೋ ದೇವರಿಗೇ ಗೊತ್ತು. ಮಗುವಿಗೆ ಮೈಬಿಸಿ ಬೇಕು, ಬಿಸಿಪೆಟ್ಟಿಗೆಯಲ್ಲಿ ಮಲಗಿಸಿದ್ದಕ್ಕಿಂತ ಎದೆಯ ಮೇಲೆ ಚೆನ್ನಾಗಿ ಉಸಿರಾಡುತ್ತೆ, ಯಾರು ಹಿಡ್ಕೋತೀರಿ ಅಂತ ನರ್ಸಮ್ಮ ಕೇಳಿದಾಗ ಅವಳೇ ನನ್ನತ್ತ ಬೆರಳು ತೋರಿಸಿದಳು, ಇವರಿಗೇ ಕೊಡಿ, ಇವರಿಗೆ ಗೊತ್ತು. ನರ್ಸಮ್ಮ ನನ್ನ ಮೀಸೆ ನೋಡಿದಳು, ಕೈ ನೋಡಿದಳು. ತಾತ, ಇದೆಲ್ಲ ಎಲ್ಲಿ ಕಲಿತ್ರಿ? ಸೈನ್ಯದಲ್ಲಮ್ಮ. ಕಿಸಕ್ಕನೆ ನಕ್ಕಳು, ನಾನು ತಮಾಷೆ ಮಾಡಿದೆ ಅಂದುಕೊಂಡಳು. ಪಾಪ, ಯಾರಾದರೂ ನಗುವಂಥದ್ದೇ.

ನಮ್ಮವರೇ ನಕ್ಕಿರಲಿಲ್ಲವೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರಲ್ಲ ಅವರೆಲ್ಲ, ತೋಪಿನ ತುಕಡಿಯ ನಮ್ಮ ಹುಡುಗರು. ಹಳೆಯ ತೋಪುಗಳನ್ನು ಸಾಗಿಸಿಕೊಂಡು ಹೋಗಿದ್ದರು, ಹೊಸವು ಇನ್ನೂ ಬಂದಿರಲಿಲ್ಲ, ಗುರಿ ಹಿಡಿಯುವುದು, ದೂರ ಲೆಕ್ಕ ಹಾಕುವುದು, ಗುಂಡು ತುಂಬುವುದು ಬಿಟ್ಟು ಬೇರೇನೂ ಬಾರದ ನಾವು ಶೆಡ್ಡಿನ ನೆಲ ಗುಡಿಸಿದ್ದನ್ನೇ ಗುಡಿಸುತ್ತಿದ್ದೆವು. ಸುಮ್ಮನೆ ಕೂತವರನ್ನು ಕಂಡರೆ ಸೈನ್ಯಕ್ಕೆ ಆಗುವುದಿಲ್ಲ. ಒಬ್ಬನನ್ನು ಅಡುಗೆಮನೆಗೆ ಹಾಕಿದರು, ಒಬ್ಬನನ್ನು ಟಪಾಲಿಗೆ, ಬೆಟ್ಟ ಎಂದು ನಾವೆಲ್ಲ ಕರೆಯುತ್ತಿದ್ದ ದೈತ್ಯ — ದೊಡ್ಡ ದೊಡ್ಡ ಗುಂಡುಗಳನ್ನು ಮಗುವಿನ ಹಾಗೆ ತೋಳಲ್ಲಿ ಎತ್ತಿ ತುಂಬುತ್ತಿದ್ದವನು — ಅವನನ್ನು ಹೂದೋಟಕ್ಕೆ. ನನ್ನ ಸರದಿ ಬಂದಾಗ ಕಚೇರಿಯ ಗುಮಾಸ್ತ ತಲೆಯೆತ್ತದೆ ಹೇಳಿದ, ನಿಂದು ಸೈನಿಕ ಆಸ್ಪತ್ರೆ, ಹೆರಿಗೆ ವಿಭಾಗ, ಮಕ್ಕಳ ಕೋಣೆ. ಹಿಂದೆ ನಿಂತಿದ್ದ ಬೆಟ್ಟ ಗೊಳ್ಳೆಂದ, ನಾನು ಗುಲಾಬಿ ಗಿಡಕ್ಕೆ ನೀರು ಹಾಕ್ತೀನಿ, ನೀನು ತೊಟ್ಟಿಲು ತೂಗೋ ಮಾರಾಯ. ಆ ಗುಮಾಸ್ತನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಆವತ್ತು. ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ಎಲ್ಲಿದ್ದರೂ ತಣ್ಣಗಿರಲಿ ಪುಣ್ಯಾತ್ಮ. — ಹೊಟ್ಟೆ ಏರಿತು, ಇಳಿಯಿತು, ಪಕ್ಕೆಲುಬಿನ ಕೆಳಗೆ ಸಣ್ಣ ಗುಳಿ ಬೀಳುತ್ತಿದೆ, ಮತ್ತೆ ತುಂಬಿಕೊಳ್ಳುತ್ತಿದೆ. ಹಾಗೇ ಇರು ಪುಟ್ಟಿ, ಅವಸರ ಬೇಡ, ಬೇಕಾದಷ್ಟು ಅವಸರ ಮಾಡಿದ್ದೀಯ ನೀನು.

ಮೇಜರಮ್ಮ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಉಗುರನ್ನು. ಮಕ್ಕಳ ಕೋಣೆಯ ಹಿರಿಯ ನರ್ಸು, ದರ್ಜೆಯಲ್ಲಿ ಮೇಜರು, ನಾವೆಲ್ಲ ಮೇಜರಮ್ಮ ಅನ್ನುತ್ತಿದ್ದೆವು, ಕುಳ್ಳಗೆ, ನನ್ನ ಭುಜಕ್ಕೂ ಬಾರದ ಹೆಂಗಸು, ಅವರೆದುರು ಕರ್ನಲ್ಲೇ ದನಿ ತಗ್ಗಿಸುತ್ತಿದ್ದರು. ಏನಯ್ಯಾ ಇದು, ಉಗುರೊಳಗೆ ತೋಪಿನ ಗ್ರೀಸು ಮೆತ್ಕೊಂಡು ಬಂದಿದ್ದೀಯಲ್ಲ, ಹೋಗು, ಕತ್ತರಿಸು, ತಿಕ್ಕು, ಮೊಣಕೈವರೆಗೆ ತಿಕ್ಕು. ತಿಕ್ಕಿ ಬಂದೆ. ಇನ್ನೊಂದು ಸಲ. ಆಮೇಲೆ ನನ್ನ ಎರಡೂ ಕೈ ತಿರುವಿ ತಿರುವಿ ನೋಡಿ, ದೊಡ್ಡ ಕೈ, ಒಳ್ಳೇದೇ, ಪೂರ್ತಿ ಮಗು ಹಿಡಿಸುತ್ತೆ ಅಂದರು. ಒಳ್ಳೇದೇ! ಹಾಗೆ ಯಾರೂ ಅಂದಿರಲಿಲ್ಲ ಈ ಕೈಗೆ. ಮೊದಲ ಸ್ನಾನಕ್ಕೆ ನಾನೇ ಬೆವತು ಸ್ನಾನ ಮಾಡಿದ ಹಾಗಾಗಿದ್ದೆ, ಮಗು ಕೈಯಲ್ಲಿ ಸೋಪಿಗೆ ಜಾರುತ್ತಿತ್ತು, ಬಾಯಿ ಹರಿಯುವ ಹಾಗೆ ಅಳುತ್ತಿತ್ತು, ನಾನು ಸೆಟೆದು ನಿಂತಿದ್ದೆ, ಮೇಜರಮ್ಮ ಬೆನ್ನಿಗೊಂದು ಗುದ್ದಿದರು. ಪೆರೇಡಿಗೆ ಬಂದಿಲ್ಲ ಕಣಯ್ಯಾ, ಭುಜ ಇಳಿಸು, ನೀನು ಹೆದರಿದ್ದು ಅದಕ್ಕೆ ಗೊತ್ತಾಗ್ತಿದೆ. ಭುಜ ಇಳಿಸಿದೆ. ಅಳು ನಿಂತಿತು, ತಟ್ಟನೆ, ಯಾರೋ ಗುಂಡಿ ಒತ್ತಿದ ಹಾಗೆ. ಅಷ್ಟೇ, ಅಲ್ಲಿಗೆ ಮುಗಿಯಿತು ನನ್ನ ಕಥೆ, ಸಂಜೆ ಬ್ಯಾರಕ್ಕಿಗೆ ಹೋದರೂ ಮನಸ್ಸು ಅಲ್ಲೇ, ಹುಡುಗರು ಅಂಗಿ ಮೂಸಿ ಹಾಲಿನ ವಾಸನೆ ಅಂತ ಮೂಗು ಮುಚ್ಚಿಕೊಂಡರೂ ಅಷ್ಟೇ. ಉಸಿರು ಮರೆಯೋ ಮಕ್ಕಳಿರ್ತಾವೆ, ಮೇಜರಮ್ಮ ಹೇಳುತ್ತಿದ್ದರು, ಹೊರಗೆ ಬಂದಿದ್ದೀನಿ ಅನ್ನೋದೇ ನೆನಪಿರಲ್ಲ ಅವಕ್ಕೆ, ಕೋಪ ಮಾಡ್ಕೋಬೇಡ, ಗಾಬರಿಯಾಗಬೇಡ, ಅಂಗಾಲು ತಟ್ಟು, ಬೆನ್ನು ಸವರು, ನೆನಪು ಮಾಡು. ನೆನಪು ಮಾಡು. ಎಂಥ ಮಾತು.

ಆಮೇಲೆ ಆ ಬಿರುಗಾಳಿ. ಬೆಳಗ್ಗೆ ಎದ್ದಾಗ ಮರಗಳು ನೆಲಕ್ಕೆ ಬಾಗುತ್ತಿದ್ದವು, ಚಳಿಯೆಂದರೆ ಚಳಿ, ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ತಿಂಡಿಯ ಹೊತ್ತಿಗೆ ಕರೆಂಟು ಹೋಯಿತು, ಜನರೇಟರ್ ಸ್ವಲ್ಪ ಹೊತ್ತು ಗುರುಗುಟ್ಟಿ ನೆಲಮಾಳಿಗೆಯ ನೀರಿನಲ್ಲಿ ಮುಳುಗಿತು. ಬಿಸಿಪೆಟ್ಟಿಗೆಗಳು ತಣ್ಣಗಾಗತೊಡಗಿದವು, ಒಂದೊಂದೇ ಗಾಜಿನೊಳಗಿನ ಮಂಜು ಹನಿಯಾಗಿ ಇಳಿಯುತ್ತಿತ್ತು. ಅವತ್ತು ಅವುಗಳೊಳಗಿದ್ದ ಎಳೆಯ ಜೀವಗಳು ಇವಳಿಗಿಂತಲೂ ಚಿಕ್ಕವು. ಕೆಲವರ ಅಮ್ಮಂದಿರು ಎದೆಗೆ ಹಾಕಿಕೊಂಡರು, ಉಳಿದ ಅಮ್ಮಂದಿರು ಹಾಸಿಗೆ ಹಿಡಿದವರು, ಇಲ್ಲವೇ ಮನೆಗೆ ಹೋಗಿ ಕುಸಿದ ಸೇತುವೆಯ ಆಚೆ ಸಿಕ್ಕಿಕೊಂಡವರು. ನರ್ಸುಗಳು ಒಬ್ಬೊಬ್ಬರೂ ಒಂದೊಂದನ್ನು ಕಟ್ಟಿಕೊಂಡೇ ಓಡಾಡುತ್ತಿದ್ದರು, ನನ್ನ ಎದೆಯ ಮೇಲೂ ಒಂದಿತ್ತು, ಆದರೂ ಇನ್ನೂ ಉಳಿದವು. ಮೇಜರಮ್ಮ ಸೊಂಟಕ್ಕೆ ಕೈಯಿಟ್ಟು ಒಂದು ಕ್ಷಣ ನಿಂತರು. ನಿಮ್ಮ ತೋಪಿನವರೆಲ್ಲ ಏನ್ ಮಾಡ್ತಿದ್ದಾರಯ್ಯಾ? ಸುಮ್ನೆ ಕೂತಿದ್ದಾರೆ ಮೇಡಂ. ಬಿಸಿಯಾಗಿದ್ದಾರಾ? — ಎಂಥ ಪ್ರಶ್ನೆ, ನನಗೆ ನಗು ಬಂದಿತ್ತು, ಆ ಹೊತ್ತಿನಲ್ಲೂ. ಫೋನು ಹೇಗೋ ಬದುಕಿತ್ತು, ಮೇಜರಮ್ಮ ಬ್ಯಾರಕ್ಕಿಗೆ ಕೂಗಿ ಹೇಳಿದ್ದು ಇಡೀ ವಾರ್ಡಿಗೆ ಕೇಳಿಸಿತು: ಕೈ ತೊಳ್ಕೊಂಡು ಬರ್ಲಿ, ಬೀಡಿ ಸಿಗರೇಟು ಸೇದಿದೋರು ಬೇಡ, ಶೀತ ಆದೋರು ಬೇಡ, ಉಳಿದೋರನ್ನೆಲ್ಲ ಕಳಿಸಿ, ಈಗಲೇ.

ಬಂದರು. ಬಗ್ಗಿಸಿದ ತಲೆ, ತೊಪ್ಪೆಯಾದ ಬಟ್ಟೆ, ಬಾಗಿಲಲ್ಲೇ ಬೂಟು ಬಿಚ್ಚಿ ಒಬ್ಬರ ಹಿಂದೆ ಒಬ್ಬರು, ಮುಂದೆ ನಮ್ಮ ಹವಾಲ್ದಾರರು, ಅರ್ಧ ನರೆತ ತಲೆಯವರು, ನಮಗೆಲ್ಲ ತೋಪಿನ ಕೆಲಸ ಕಲಿಸಿದವರು. ಅಂಗಿ ಬಿಚ್ಚಿ, ಒರೆಸ್ಕೊಳ್ಳಿ, ಗೋಡೆಗೆ ಒರಗಿ ಕೂತ್ಕೊಳ್ಳಿ ಎಂದರು ಮೇಜರಮ್ಮ, ಅವರೆಲ್ಲ ಸಾಲಾಗಿ ಕೂತರು, ಒಬ್ಬೊಬ್ಬರ ಎದೆಯ ಮೇಲೆ ಒಂದೊಂದು ಮಗುವನ್ನಿಟ್ಟು ಮೇಲೆ ಕಂಬಳಿ ಸುತ್ತಿ ಕಟ್ಟಿದೆವು. ಬೆಟ್ಟ ನನ್ನ ಪಕ್ಕ. ಮುಖ ಬಿಳುಚಿಕೊಂಡಿತ್ತು. ಲೋ, ಇದು ಒಡೆದುಹೋದ್ರೆ ಏನೋ ಮಾಡೋದು ಅಂತ ಪಿಸುಗುಟ್ಟಿದ. ಭುಜ ಇಳಿಸು ಎಂದೆ, ನೀನು ಹೆದರಿದ್ದು ಅದಕ್ಕೆ ಗೊತ್ತಾಗುತ್ತೆ. ಇಳಿಸಿದ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಅವನ ಕಣ್ಣಿಂದ ಧಾರಾಕಾರ ನೀರು, ಒರೆಸಿಕೊಳ್ಳಲು ಕೈ ತೆಗೆಯುತ್ತಿಲ್ಲ, ಏನಾಯ್ತೋ ಅಂದರೆ, ಏನಿಲ್ಲ ಬಿಡು, ಬೆರಳು ಹಿಡ್ಕೊಂಡಿದೆ ಅಂದ. ಹವಾಲ್ದಾರರು ಸುಮ್ಮನೆ ಕೂರುವ ಆಸಾಮಿಯಲ್ಲ, ತೋಪಿನ ಸಾಲನ್ನು ವಿಚಾರಿಸುವಂತೆಯೇ ವಿಚಾರಿಸುತ್ತಿದ್ದರು, ಒಂದನೇ ತೋಪು? ಉಸಿರಾಡ್ತಿದೆ ಸಾರ್. ಎರಡನೇದು? ಉಸಿರಾಡ್ತಿದೆ ಸಾರ್, ನಿದ್ದೆ ಮಾಡ್ತಿದೆ. ಮೂರನೇದು? ಉಚ್ಚೆ ಹೊಯ್ತು ಸಾರ್! — ನಕ್ಕರು ಎಲ್ಲರೂ, ಬಾಯಿ ಮುಚ್ಚಿಕೊಂಡು, ಎದೆ ಅಲ್ಲಾಡದ ಹಾಗೆ ನಗುವುದು ಎಷ್ಟು ಕಷ್ಟ. ಹಾಗೇ ಮಧ್ಯಾಹ್ನವಾಯಿತು, ಮಳೆ ಕಿಟಕಿಯ ಗಾಜಿಗೆ ಬಡಿಯುತ್ತಲೇ ಇತ್ತು, ಕೂಗು ಸಾಲಿನ ಕೊನೆಯವರೆಗೂ ಹೋಗಿ ಮತ್ತೆ ಮೊದಲಿಗೆ ಬರುತ್ತಿತ್ತು. ಕೊನೆಯಲ್ಲಿ ಕೂತವರು ಹವಾಲ್ದಾರರೇ. ಎಲ್ಲಕ್ಕಿಂತ ಬಡಕಲು ಮಗುವನ್ನು ಮೇಜರಮ್ಮ ಅವರಿಗೇ ಕೊಟ್ಟಿದ್ದರು. ಅವರ ಎದೆಯ ಮೇಲಿನದನ್ನು ವಿಚಾರಿಸುವವರು ಯಾರೂ ಇರಲಿಲ್ಲ, ಪ್ರತಿ ಸಲ ತಾವೇ ತಮಗೆ ತಲೆಯಾಡಿಸಿಕೊಳ್ಳುತ್ತಿದ್ದರು. ಒಂದು ಸಲ ಕೂಗು ಅವರವರೆಗೆ ಬಂತು, ಅವರು ತಲೆಯಾಡಿಸಲಿಲ್ಲ. ಮತ್ತೆ ಮೊದಲಿಂದ ಕೂಗಲೂ ಇಲ್ಲ. ಮೇಜರಮ್ಮ ಬಂದು ಮಂಡಿಯೂರಿದರು, ಅಂಗಾಲು ತಟ್ಟಿದರು, ಬಾಯಿಗೆ ಬಾಯಿಟ್ಟು ಊದಿದರು, ಡಾಕ್ಟರು ಓಡಿ ಬಂದರು, ಎಲ್ಲ ಮಾಡಿದರು. ಆಮೇಲೆ ಮೇಜರಮ್ಮ ಎರಡೂ ಕೈ ಚಾಚಿದರು, ಕೊಡಿ ಹವಾಲ್ದಾರ್. ಅವರು ಕೊಡಲಿಲ್ಲ. ಅದರಮ್ಮ ಬರೋವರೆಗೂ ಇರ್ಲಿ ಮೇಡಂ, ತಣ್ಣಗಾಗೋದು ಬೇಡ. ಮೇಲಿನ ವಾರ್ಡಿನಿಂದ ಆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ ಹೊತ್ತು ತಂದರು, ಅವಳು ಮಗುವನ್ನು ತೆಗೆದುಕೊಂಡು ಕೆನ್ನೆಗೊತ್ತಿಕೊಂಡಳು, ಬೆಚ್ಚಗಿದೆ ಅಂದಳು, ಇನ್ನೂ ಬೆಚ್ಚಗಿದ್ದಾಳೆ. ಹವಾಲ್ದಾರರ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ನಾವು ಯಾರೂ ಅಲ್ಲಾಡಲಿಲ್ಲ, ಅಲ್ಲಾಡುವ ಹಾಗಿರಲಿಲ್ಲ, ನಮ್ಮೆಲ್ಲರ ಎದೆಯ ಮೇಲೂ ಉಸಿರಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರ ಬದಲು ಬೆಟ್ಟನೇ ಗಟ್ಟಿದನಿಯಲ್ಲಿ ಕೂಗಿದ, ಒಂದನೇ ತೋಪು? ಉಳಿದವೆಲ್ಲ ಬದುಕಿದವು. ಉಳಿದವೆಲ್ಲ.

ಹೊಸ ತೋಪುಗಳು ಬಂದವು, ನಮ್ಮನ್ನು ವಾಪಸು ಕರೆಸಿಕೊಂಡರು, ಗುರಿಯಿಟ್ಟು ಹೊಡೆದೆ, ಚೆನ್ನಾಗಿಯೇ ಹೊಡೆದೆ, ಕಲಿತ ಕೆಲಸ ಅದು, ಶಭಾಷ್ ಅನ್ನಿಸಿಕೊಂಡೆ. ಆದರೂ ನಿವೃತ್ತನಾದ ಮೇಲೆ ನನ್ನವಳು ಯಾರಿಗೋ ಹೇಳುವುದನ್ನು ಕೇಳಿದ್ದೇನೆ, ನಮ್ಮನೆಯೋರು ಸೈನ್ಯದಲ್ಲಿ ಮಕ್ಕಳ ನೋಡ್ಕೋತಿದ್ರು, ನಮ್ಮ ಮಗಳಿಗೆ ಮೊದಲ ಸ್ನಾನ ಮಾಡ್ಸಿದ್ದೂ ಅವರೇ — ಏನು ಹೆಮ್ಮೆ ಅವಳಿಗೆ, ನಾನು ಪತ್ರಿಕೆ ಓದುವವನ ಹಾಗೆ ನಟಿಸುತ್ತ ಕೂತಿದ್ದೆ. — ಗುಳಿ. ಗುಳಿ ಬೀಳಲಿಲ್ಲ. ಎಲ್ಲಿ, ಹೊಟ್ಟೆ ಏರಬೇಕಿತ್ತಲ್ಲ, ಏರಲಿಲ್ಲ, ತುಟಿ ನೋಡು, ತುಟಿ ನೀಲಿಗೆ ತಿರುಗುತ್ತಿದೆ, ಪಾದದ ಪಟ್ಟಿಯ ಮಿಷನ್ನು ಈಗ ಕೂಗಿಕೊಳ್ಳುತ್ತಿದೆ, ಆ ನರ್ಸಮ್ಮ ಮೂಲೆಯಲ್ಲಿ ಇನ್ನೊಂದು ಮಗುವಿಗೆ ಸೂಜಿ ಹಾಕುತ್ತಿದ್ದಾಳೆ, ಬಂದೆ ತಾತ, ಬಂದೆ, ಗಾಜಿಗೆ ನನ್ನವಳ ಎರಡೂ ಅಂಗೈ ಒತ್ತಿವೆ. ಭುಜ ಇಳಿಸು. ಇಳಿಸಿದೆ. ಅಂಗಾಲು, ನನ್ನ ಹೆಬ್ಬೆರಳಿಗಿಂತ ಚಿಕ್ಕ ಅಂಗಾಲು, ತಟ್ಟಿದೆ, ಇಲ್ಲ, ಮತ್ತೆ ತಟ್ಟಿದೆ, ಇಲ್ಲ, ಬೆನ್ನು ಸವರಿದೆ, ಕೆಳಗಿನಿಂದ ಮೇಲಕ್ಕೆ, ಪುಟ್ಟೀ, ನೀನು ಹೊರಗಿದ್ದೀಯ ಕಣೇ, ಬಂದುಬಿಟ್ಟಿದ್ದೀಯ, ಇಲ್ಲಿ ನೀನೇ ಉಸಿರಾಡಬೇಕು ಮಗಳೇ, ಮರೆತೆಯಾ, ನಾನಿದ್ದೀನಿ ನೆನಪು ಮಾಡೋಕೆ, ಏಳು, ಏಳಮ್ಮ — ಮುಖ ಕಿವುಚಿದಳು. ಸೊರ್ ಅಂತ ಒಂದು ಉಸಿರು, ಒಳಕ್ಕೆ, ನನ್ನ ಚರ್ಮದ ಮೇಲೇ ಎಳೆದುಕೊಂಡಳು, ಅದರ ಹಿಂದೆ ಇನ್ನೊಂದು, ಆಮೇಲೆ ಬೆಕ್ಕಿನ ಮರಿಯಂಥ ಕೂಗು, ಕೋಪ, ಶುದ್ಧ ಕೋಪ. ನರ್ಸಮ್ಮ ಬಗ್ಗಿ ನಿಂತಿದ್ದಾಳೆ, ಮಿಷನ್ನಿನ ಸದ್ದು ನಿಂತಿದೆ, ತುಟಿಗೆ ಬಣ್ಣ ಬರುತ್ತಿದೆ. ನಿಜವಾಗ್ಲೂ ಸೈನ್ಯದಲ್ಲೇ ಕಲಿತ್ರಾ ತಾತ? ಹೂಂನಮ್ಮ, ನಿಜವಾಗ್ಲೂ. ಗಾಜಿನಾಚೆ ನನ್ನವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ, ಅಯ್ಯೋ, ಅಳಬೇಡವೇ, ಕೆಮ್ಮು ಹೆಚ್ಚಾಗುತ್ತೆ.

ಬಾಗಿಲು ತೆರೆಯಿತು, ಗಾಲಿಕುರ್ಚಿಯ ಕಿರುಗುಡುವಿಕೆ, ಮಗಳು. ಜ್ವರ ಇಳಿದಿದೆಯಂತೆ, ಡಾಕ್ಟರು ಸರಿ ಅಂದರಂತೆ, ಕೂದಲು ಕೆದರಿದೆ, ಕಣ್ಣು ಗುಳಿಬಿದ್ದಿವೆ, ನೋಡುತ್ತಿರುವುದು ನನ್ನನ್ನಲ್ಲ. ಅಪ್ಪಾ, ಹೇಗಿದ್ದಾಳಪ್ಪಾ? ಸಿಟ್ಟಿನೋಳು ಕಣಮ್ಮ, ನಿನ್ನ ಥರಾನೇ. ಅಪ್ಪಾ, ನಾನು ಬೀಳಿಸಿಬಿಟ್ರೆ? ಬೀಳಲ್ಲ, ಕೊಡ್ತೀನಿ ಬಾ, ಮೊದಲು ಭುಜ ಇಳಿಸು. ನರ್ಸಮ್ಮ ನಳಿಕೆ ಹಿಡಿದಳು, ನಾನು ಒಂದು ಅಂಗೈಯಲ್ಲಿ ತಲೆ, ಇನ್ನೊಂದರಲ್ಲಿ ಕೆಳಗಿನ ಮೈ, ನಿಧಾನ, ನಿಧಾನ, ನನ್ನೆದೆಯಿಂದ ಬಿಡಿಸಿ ಅವಳ ಎದೆಗೆ ದಾಟಿಸಿದೆ, ಟೋಪಿ ಸರಿಮಾಡಿದೆ, ಹೊದಿಕೆ ಮುಚ್ಚಿದೆ. ಮಗಳು ಕಣ್ಣು ಮುಚ್ಚಿದಳು. ಅವಳ ಭುಜ ತಾನಾಗಿಯೇ ಇಳಿಯಿತು. ಕೈ ಖಾಲಿ, ಇನ್ನು ಗುಂಡಿ ಹಾಕಿಕೊಳ್ಳಬೇಕು, ನನ್ನವಳಿಗೆ ಹೋಗಿ ಹೇಳಬೇಕು, ಅಳಿಯ ಇಳಿಯುವ ಹೊತ್ತಾಯಿತು — ಕೆಳಗಿನ ಗುಂಡಿಗೆ ಕೈ ಹಾಕಲು ತಲೆ ಬಗ್ಗಿಸಿದರೆ ಅಲ್ಲಿ, ನರೆತ ಕೂದಲ ನಡುವೆ, ಕೆಂಪಗೆ ಏನೋ ಒತ್ತಿದ ಗುರುತು, ಬೆರಳ ತುದಿಯಷ್ಟೇ, ಒಳಸುಳಿ, ಮಡಿಕೆ, ಕೆಳಗೆ ಸಣ್ಣ ಹಾಲೆ, ಟೋಪಿ ಜಾರಿ ಒರಗಿದ್ದ ಪುಟ್ಟಿಯ ಕಿವಿ, ಪೂರ್ತಿ ಕಿವಿ, ನನ್ನ ಮೈಮೇಲೆ. ಗುಂಡಿ ಹಾಕಬೇಕು. ಮಾಸಿಹೋಗುತ್ತದೆ, ಇನ್ನೊಂದು ಗಳಿಗೆಗೆ ಮಾಸಿಹೋಗುತ್ತದೆ, ಇರಲಿ, ಹಾಕುತ್ತೇನೆ, ಹಾಕುತ್ತೇನೆ — ಕಿವಿ, ಕೆಂಪಗೆ, ಇಷ್ಟೇ ಇಷ್ಟು, ಅವಳ ಕಿವಿ