ಪೌಡರ್ ಬಳಿದ ಇಂಜಿನ್

ಮಾರುತೇಶ ಎರಡನೇ ಸಲ ಸುತ್ತಿಗೆ ಬೀಸಿದಾಗ ಕಾರಿನ ಮುಂದಿನ ಗಾಜು ಪೂರ್ತಿ ಒಳಗೆ ಕುಸಿಯಿತು. ಅತ್ತ ಅಂಗಳದಲ್ಲಿ ಅವನ ಅಪ್ಪ ಚಿಕ್ಕೀರಪ್ಪನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದವರು ಚೊಂಬು ಹಿಡಿದುಕೊಂಡೇ ತಿರುಗಿ ನೋಡಿದರು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ತಂಗಿ ಪ್ರೇಮಲತಾಳ ಪಾದದವರೆಗೂ ಚೂರುಗಳು ಸಿಡಿದು ಬಂದವು. ಅವಳು ಹಿಂದೆ ಸರಿಯಲಿಲ್ಲ.

ಸೋದರಮಾವ ಕ್ಯಾತಣ್ಣ ಓಡಿ ಬಂದು ಅವನ ರಟ್ಟೆ ಹಿಡಿದ. "ಲೇ, ಹೆಣ ಇನ್ನೂ ಅಂಗಳದಾಗೆ ಐತೆ. ಮಣ್ಣು ಮುಗೀಲಿ. ಆಮೇಲೆ ಕಾರಾದ್ರೂ ಒಡಿ, ಲಾರಿಯಾದ್ರೂ ಒಡಿ."

"ಕಾರಿಂದು ಆಯ್ತು ಮಾವ. ಇನ್ನು ಕಾರಿನ ಯಜಮಾನ ಬರ್ಲಿ."

"ಬರ್ತಾನಂತೆ ಕಣಪ್ಪ, ಹಾರ ತಗಂಡು," ಎಂದ ಪಕ್ಕದ ವೆಲ್ಡಿಂಗ್ ಅಂಗಡಿಯ ಓಬಯ್ಯ. "ಹೂವಿನೋನ ಹತ್ರ ಚೌಕಾಸಿ ಮಾಡ್ತಾ ನಿಂತಿದ್ದ. ಹೊಡಿಯಾಕೆ ಮಾತ್ರ ಕೈ ಧಾರಾಳ."

ಯಾರೋ ನಗು ಬಂದು ತಡೆದುಕೊಂಡರು. ಮಾರುತೇಶ ಸುತ್ತಿಗೆ ಕೆಳಗಿಟ್ಟ. ಕ್ಯಾತಣ್ಣ ಆ ಕಡೆ ತಿರುಗಿದ್ದೇ ತಡ, ಗೋಡೆಗೆ ಒರಗಿಸಿದ್ದ ಟೈರ್ ಬಿಚ್ಚುವ ಕಬ್ಬಿಣದ ಲಿವರ್ ತೆಗೆದು ಅಂಗಿಯೊಳಗೆ ಬೆನ್ನಿಗೆ ಸಿಕ್ಕಿಸಿಕೊಂಡ. ಅದನ್ನು ಪ್ರೇಮಲತಾ ಒಬ್ಬಳೇ ನೋಡಿದಳು.

ಕಾರಿನ ಯಜಮಾನ ವೀರೇಶ್ ಬಂದರೆ ಅಣ್ಣ ಅವನನ್ನು ಉಳಿಸುವುದಿಲ್ಲ. ಒಂದೇ ದಿನ ಮನೆಯ ಇಬ್ಬರು ಗಂಡಸರೂ ಹೋಗುತ್ತಾರೆ, ಒಬ್ಬ ಗುಂಡಿಗೆ, ಇನ್ನೊಬ್ಬ ಜೈಲಿಗೆ. ಅಣ್ಣನನ್ನು ತಡೆಯುವಂಥ ಮಾತೊಂದು ಅವಳ ಹತ್ತಿರ ಇತ್ತು. ಆಡಬೇಡವೆಂದು ಅಪ್ಪ ಹೇಳಿ ಹೋಗಿದ್ದ.

*

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಪ್ರೇಮಲತಾ ಅಪ್ಪನ ಕಣ್ಣಾಗಿದ್ದಳು. ಚಿಕ್ಕೀರಪ್ಪನಿಗೆ ದೃಷ್ಟಿ ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಇಂಜಿನ್ನಿನ ಸದ್ದು ಕೇಳಿಯೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಟೈಮಿಂಗ್ ಕೂಡಿಸುತ್ತಿದ್ದ. ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನವರ ಮಗ ವೀರೇಶ್ ತಾತನ ಕಾಲದ ಅಂಬಾಸಡರನ್ನು ಶೆಡ್ಡಿಗೆ ತಂದಾಗ ಏರ್‌ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿತ್ತು. ಚಿಕ್ಕೀರಪ್ಪ ಐದು ತಿಂಗಳು ಕೂತು, ಇಂಜಿನ್ ಪೂರಾ ಬಿಚ್ಚಿ ಮತ್ತೆ ಜೋಡಿಸಿ, ಅದು ಬೆಕ್ಕಿನಂತೆ ಗುರುಗುಟ್ಟುವ ಹಾಗೆ ಮಾಡಿದ.

ಆಯುಧಪೂಜೆಯಾದ ಮೂರನೇ ದಿನ ವೀರೇಶ್ ಅದೇ ಕಾರಿನಲ್ಲಿ ತನ್ನ ನಿಶ್ಚಿತಾರ್ಥಕ್ಕೆ ಮೊಳಕಾಲ್ಮೂರಿಗೆ ಹೋದ. ಹುಡುಗಿಯ ಮನೆ ಮುಂದಿನ ರಂಗೋಲಿಯ ಮೇಲೆ ಇಂಜಿನ್ನಿನ ಎಣ್ಣೆ ಸುರಿದು ಹರಿಯಿತು. ಹಿರಿಯರು ಅಪಶಕುನ ಎಂದರು. ಮಾತುಕತೆ ಅಲ್ಲಿಗೇ ನಿಂತಿತು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬಂದವನು ನೇರ ಶೆಡ್ಡಿಗೆ ನುಗ್ಗಿದ. ಅಪ್ಪನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಎರಡು ಬಾರಿಸಿ ದೂಡಿದ. ತಲೆ ಮೇಜಿಗೆ ಬಿಗಿದಿದ್ದ ಕಬ್ಬಿಣದ ವೈಸಿಗೆ ಬಡಿದ ಸದ್ದಿಗೆ ಓಬಯ್ಯ ವೆಲ್ಡಿಂಗ್ ನಿಲ್ಲಿಸಿ ಓಡಿ ಬಂದ. ಮಾರುತೇಶ ಆವತ್ತು ಸಾಮಾನು ತರಲು ಚಿತ್ರದುರ್ಗಕ್ಕೆ ಹೋಗಿದ್ದ.

ಕಿವಿಯಿಂದ ರಕ್ತ ಜಿನುಗುತ್ತಿದ್ದರೂ ಅಪ್ಪ ಆಸ್ಪತ್ರೆಗೆ ಹೋಗಲಿಲ್ಲ. ಮಾರನೇ ದಿನ ತಲೆಗೆ ಟವಲು ಸುತ್ತಿಕೊಂಡು ಬಾನೆಟ್ ಎತ್ತಿದ. ಇಂಜಿನ್ ಒರೆಸಿ ಒಣಗಿಸಿ, "ನಿನ್ನ ಮುಖದ ಪೌಡರ್ ತಗಂಬಾ," ಎಂದ. ಡಬ್ಬಿಯೆಲ್ಲ ಇಂಜಿನ್ನಿನ ಮೈಗೆ ಬಳಿದು ಸ್ಟಾರ್ಟ್ ಮಾಡಿದ. ಎಣ್ಣೆ ಎಲ್ಲಿ ಸೋರುತ್ತದೋ ಅಲ್ಲಿ ಬಿಳಿ ಹೋಗಿ ಕಪ್ಪಾಗಬೇಕು.

"ಎಲ್ಲೆಲ್ಲಿ ಐತೆ, ನೋಡಿ ಹೇಳು."

"ಮೇಲಿನ ಮುಚ್ಚಳದಾಗೆ. ಪಕ್ಕದಾಗೆ. ಹಿಂದೆ, ಕೆಳಗೆ. ಎಲ್ಲಾ ಕಡೆ ಅಪ್ಪ."

"ಒಂದು ಕಡೆ ಸೋರಿದ್ರೆ ಆ ಸಂದಿನ ಪ್ಯಾಕಿಂಗ್ ತಪ್ಪು. ಎಲ್ಲಾ ಕಡೆ ಸೋರಿದ್ರೆ ಒಳಗೆ ಗಾಳಿ ಕಟ್ಟೈತೆ. ಗಾಳಿ ಹೋಗೋ ಕೊಳವೆ ಬಿಚ್ಚು."

ಕೊಳವೆಯೊಳಗೆ ಅವಳ ಬೆರಳಿಗೆ ಬಟ್ಟೆ ತಗುಲಿತು. ಅರಿಶಿನ ಹತ್ತಿದ, ಎಣ್ಣೆ ಕುಡಿದ ತುಂಡು. ಪೂಜೆಯ ದಿನ ಇಂಜಿನ್ನಿಗೆ ನೀರು ಹೊಡೆದು ತೊಳೆದವನು ಮಾರುತೇಶ. ಒಳಗೆ ನೀರು ಹೋಗದಿರಲೆಂದು ಬಟ್ಟೆ ತುರುಕಿ, ಆಮೇಲೆ ಹೂವು, ಕುಂಬಳಕಾಯಿಯ ಗದ್ದಲದಲ್ಲಿ ತೆಗೆಯುವುದನ್ನು ಮರೆತಿದ್ದ. ದಾರಿ ಸಿಗದ ಗಾಳಿ ಎಣ್ಣೆಯನ್ನು ಸಂದುಸಂದಿನಿಂದ ಹೊರಗೆ ನೂಕಿತ್ತು.

ಅಪ್ಪ ಬಟ್ಟೆಯನ್ನು ನೀರೊಲೆಗೆ ಎಸೆದ. "ನಿಮ್ಮಣ್ಣಗೆ ಹೇಳಬ್ಯಾಡ. ಕೆಲಸದಾಗೆ ಅವನ ಕೈ ಈಗ ಕುದುರ್ತಾ ಐತೆ. ಹೆದರಿದ ಕೈ ಇಂಜಿನ್ ಮುಟ್ಟಬಾರ್ದು. ಯಾರು ಕೇಳಿದ್ರೂ ನಾನೇ ಕಾಲು ಜಾರಿ ಬಿದ್ದೆ ಅನ್ನು."

ನಾಲ್ಕನೇ ದಿನ ಬೆಳಿಗ್ಗೆ ಟೀ ಕುಡಿಯುತ್ತ ಕೂತಲ್ಲೇ ಒಂದು ಮಗ್ಗುಲಿಗೆ ವಾಲಿದ. ಮತ್ತೆ ಏಳಲಿಲ್ಲ. ವೀರೇಶ್ ಹೊಡೆದದ್ದನ್ನು ಓಬಯ್ಯ ಆಗ ಮಾರುತೇಶನಿಗೆ ಹೇಳಿದ.

*

ವೀರೇಶ್ ಹಾರ ಹಿಡಿದು ಅಂಗಳಕ್ಕೆ ಕಾಲಿಟ್ಟಾಗ, ಗಂಡನ ಪಾದದ ಹತ್ತಿರ ಕೂತಿದ್ದ ತಾಯಿ ಯರ್ರಮ್ಮ ತಲೆ ಎತ್ತಲಿಲ್ಲ.

"ಹಿಂಗಾಗ್ತದೆ ಅಂದ್ಕಂಡಿರ್ಲಿಲ್ಲ ಅಮ್ಮಾರೆ," ಎಂದ ಅವನು.

ಮಾರುತೇಶನ ಲಿವರ್ ಮೊದಲು ಅವನ ಹೆಗಲಿಗೆ ಬಿತ್ತು. ಹಾರ ಹರಿದು ಹೂಗಳೆಲ್ಲ ಚೆಲ್ಲಿದವು. ಎರಡನೆಯದು ಬಾಯಿಗೆ. ಹಲ್ಲು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ವೀರೇಶ್ ಮೊಣಕಾಲೂರಿ ಬಿದ್ದು ರಕ್ತ ಉಗುಳಿದ. ಅಡ್ಡ ಬಂದ ಕ್ಯಾತಣ್ಣ ಹೊಟ್ಟೆಗೆ ಒದೆಸಿಕೊಂಡು ಚಟ್ಟದ ಬಿದಿರಿನ ಮೇಲೆ ಬಿದ್ದ. ಮಾರುತೇಶ ಎರಡೂ ಕೈಯಲ್ಲಿ ಲಿವರ್ ಎತ್ತಿ ತಲೆಗೆ ಗುರಿಯಿಟ್ಟ.

"ಕಾರಿನ ಕೊಳವೆಗೆ ಬಟ್ಟೆ ತುರುಕಿದೋನು ನೀನು ಅಣ್ಣ."

ಪ್ರೇಮಲತಾ ಕೂಗಲಿಲ್ಲ. ಅಷ್ಟು ಗಂಡಸರ ನಡುವೆ ಅವಳ ಧ್ವನಿ ಕೇಳಿದ್ದು ಅದೇ ಮೊದಲು.

"ಏನಂದಿ?"

"ಪೂಜೆ ದಿನ ತೊಳೆಯೋ ಮುಂಚೆ ತುರುಕಿದ್ದೆ. ತೆಗೆಯೋದು ಮರ್ತೆ. ಎಣ್ಣೆ ಸೋರಿದ್ದು ಅದಕ್ಕೇ. ಅಪ್ಪಗೆ ಗೊತ್ತಾಗಿತ್ತು. ನಿಂಗೆ ಹೇಳಬ್ಯಾಡ ಅಂದಿದ್ದ." ಅವಳು ನೆಲದ ಮೇಲಿದ್ದವನತ್ತ ನೋಡಿದಳು. "ಅಪ್ಪನ್ನ ಹೊಡೆದೋನು ಇವನೇ. ಸ್ಟೇಷನ್ನಿಗೆ ಬಂದು ಅದನ್ನೂ ನಾನೇ ಹೇಳ್ತೀನಿ. ನೀನು ಕೊಲ್ಲಬ್ಯಾಡ."

ಲಿವರ್ ಮಾರುತೇಶನ ಹಿಂದೆ ಕಲ್ಲಿನ ಮೇಲೆ ಬಿತ್ತು. ಅವನು ಯಾರ ಮುಖವನ್ನೂ ನೋಡದೆ ಶೆಡ್ಡಿನ ಕಡೆ ನಡೆದ.

"ಅಳ್ಲಿ ಬಿಡ್ರಿ," ಎಂದ ಓಬಯ್ಯ.

ಪ್ರೇಮಲತಾ ಹಿಂದೆಯೇ ಹೋದಳು. ಅವನು ಬಾನೆಟ್ ಎತ್ತಿ, ಪೌಡರ್ ಇನ್ನೂ ಮೆತ್ತಿಕೊಂಡಿದ್ದ ಇಂಜಿನ್ನನ್ನೂ ಆ ಕೊಳವೆಯನ್ನೂ ನೋಡುತ್ತ ನಿಂತಿದ್ದ. ಬಲಗೈಯನ್ನು ಇಂಜಿನ್ ಗೂಡಿನ ಅಂಚಿನ ಮೇಲಿಟ್ಟ. ಎಡಗೈಯಲ್ಲಿ ಬಾನೆಟ್ ಎಳೆದು ಅದರ ಮೇಲೆ ಬಡಿದ. ಅವಳು ಓಡಿ ಮುಟ್ಟುವಷ್ಟರಲ್ಲಿ ಮತ್ತೊಮ್ಮೆ ಎತ್ತಿ ಬಡಿದಿದ್ದ.

*

ನನ್ನಿವಾಳ ಊರಿನ ಹೊಲದಲ್ಲಿ ಗುಂಡಿ ಸಿದ್ಧವಾಗಿತ್ತು. ಹೆಣ ಇಳಿಸಿದ ಮೇಲೆ ಮೊದಲ ಹಿಡಿ ಮಣ್ಣು ಮಗನದು. ಮಾರುತೇಶ ಬಗ್ಗಿ ಎಡಗೈ ಚಾಚಿದ.

"ಎಡಗೈ ಬ್ಯಾಡಪ್ಪ," ಎಂದ ಕ್ಯಾತಣ್ಣ ಮೆಲ್ಲಗೆ.

ಮಾರುತೇಶ ಬಲಗೈಗೆ ಸುತ್ತಿದ್ದ ಟವಲು ಬಿಚ್ಚಿದ. ಅಂಗೈ ತುಂಬ ರಕ್ತ, ಬೆರಳುಗಳು ಬಾತು ನೀಲಿಗಟ್ಟಿ ಒಂದೊಂದು ಒಂದೊಂದು ಕಡೆಗೆ ತಿರುಗಿದ್ದವು.

ಪ್ರೇಮಲತಾ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಆ ಅಂಗೈಯಲ್ಲಿ ಇಟ್ಟಳು. ಬೆರಳು ಮಡಚಲಿಲ್ಲ. ಅವಳೇ ಅವನ ಮಣಿಕಟ್ಟು ಹಿಡಿದು ಗುಂಡಿಯ ಮೇಲಕ್ಕೆ ಒಯ್ದು, ನಿಧಾನವಾಗಿ ಕೆಳಮುಖ ಮಾಡಿದಳು. ಅರ್ಧ ಮಣ್ಣು ಅಪ್ಪನ ಎದೆಯ ಮೇಲೆ ಉದುರಿತು. ಉಳಿದರ್ಧ ರಕ್ತಕ್ಕೆ ಅಂಟಿ ಅಂಗೈಯಲ್ಲೇ ನಿಂತಿತ್ತು. ಅದು ಬೀಳಲೆಂದು ಅವಳು ಆ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು.