ಘಾಟಿನಲ್ಲಿ ಇಪ್ಪತ್ತೈದು ತಾಸು

ಬ್ಯಾಡಗಿಯ ಶಂಭುಲಿಂಗ ವಿಮಾ ಏಜೆಂಟ. ಮೆಣಸಿನಕಾಯಿ ಯಾರ್ಡಿನ ಹಮಾಲರು, ತೊಟ್ಟು ಮುರಿಯುವ ಹೆಣ್ಣುಮಕ್ಕಳು, ಚಹಾ ಮಾರುವವರು, ಎಲ್ಲರ ಪಾಲಿಸಿಯೂ ಅವನ ಕೈಯಿಂದಲೇ ಆದದ್ದು. ಕಂತಿನ ತಾರೀಖು ಹತ್ತಿರ ಬಂತೆಂದರೆ ಸಾಕು, ಎದುರಿಗಿದ್ದವರು ಊಟಕ್ಕೆ ಕೂತಿದ್ದರೂ ಬಿಡುತ್ತಿರಲಿಲ್ಲ. ತುತ್ತು ನುಂಗುವ ತನಕ ಕಾದು ಮಾತು ತೆಗೆಯುತ್ತಿದ್ದ.

ಅಂಥವನು ತನ್ನ ಲೈಸೆನ್ಸಿನ ತಾರೀಖನ್ನೇ ಮರೆತು ಕೂತಿದ್ದ. ಮರೆತಿದ್ದ ಅನ್ನುವುದೂ ಪೂರ್ತಿ ಖರೆಯಲ್ಲ, ಮುಂದೂಡುತ್ತ ಬಂದಿದ್ದ. ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು. ಅದಕ್ಕೂ ಮೊದಲು ಇಪ್ಪತ್ತೈದು ತಾಸು ತರಬೇತಿಯಲ್ಲಿ ಕೂತು ಸರ್ಟಿಫಿಕೇಟ್ ತರಬೇಕು. ದೀಪಾವಳಿ ಮುಗಿದ ಮೇಲೆ ಹಾವೇರಿಯಲ್ಲಿ ಒಂದು ಬ್ಯಾಚ್ ನಡೆದಾಗ ನಾದಿನಿಯ ಮದುವೆ ಬಂತು. ಸಂಕ್ರಾಂತಿಯ ಬ್ಯಾಚಿನ ಹೊತ್ತಿಗೆ ಯಾರ್ಡಿಗೆ ಕೆಂಪು ಚೀಲಗಳ ರಾಶಿ ಬಂದು ಬಿತ್ತು. ಸೀಸನ್ನಿನಲ್ಲಿ ಯಾರ್ಡು ಬಿಟ್ಟು ಹೋಗುವ ಏಜೆಂಟ ಎಂಥ ಏಜೆಂಟ ಅಂತ ತನಗೆ ತಾನೇ ಹೇಳಿಕೊಂಡ. ಈಗ, ೨೦೦೬ರ ಬೇಸಿಗೆ ಕಾಲಿಡುವ ಹೊತ್ತಿಗೆ, ಉಳಿದದ್ದು ರಾಣೆಬೆನ್ನೂರಿನ ಒಂದೇ ಬ್ಯಾಚು. ಸೋಮವಾರ ಶುರು, ಗುರುವಾರ ಮುಕ್ತಾಯ. ಶನಿವಾರಕ್ಕೆ ಲೈಸೆನ್ಸಿನ ಅವಧಿ ಮುಗಿಯುತ್ತಿತ್ತು. ತಪ್ಪಿದರೆ ಹೊಸಬನ ಹಾಗೆ ಮತ್ತೆ ಮೊದಲಿಂದ ತರಬೇತಿ, ಪರೀಕ್ಷೆ. ಅಲ್ಲಿಯ ತನಕ ಒಂದು ಪಾಲಿಸಿಯನ್ನೂ ಮುಟ್ಟುವ ಹಾಗಿಲ್ಲ.

ಹೆಂಡತಿ ಶೈಲಾ ಬುತ್ತಿ ಕಟ್ಟುತ್ತ ಅಂದಳು: "ಮಂದಿಗೆಲ್ಲಾ ತಾರೀಖು ನೆನಪ ಮಾಡಿಕೊಡೋ ಮನಶ್ಯಾ ನೀವು. ನಿಮ್ಮ ತಾರೀಖು ಯಾರ್ ನೆನಪ ಮಾಡ್ಬೇಕ್ರಿ?"

ಅವನು ಬುತ್ತಿ ಇಸಗೊಂಡು ಹೊರಟ.

ತರಬೇತಿ ಇದ್ದದ್ದು ರಾಣೆಬೆನ್ನೂರಿನ ಒಂದು ಸಮುದಾಯ ಭವನದಲ್ಲಿ. ಕಲಿಸಲು ಬಂದವನು ಮೈಸೂರು ಕಡೆಯ ಚೇತನಕುಮಾರ, ಇಸ್ತ್ರಿ ಮುರಿಯದ ಅಂಗಿಯ ಹುಡುಗ. ಮೊದಲ ದಿನ ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೇ ಮುಂದಿನ ಸಾಲಿನವರು ಕೆಮ್ಮತೊಡಗಿದರು. ಆಮೇಲೆ ಹಿಂದಿನ ಸಾಲು. ಆಮೇಲೆ ಮೇಷ್ಟ್ರು. ಹತ್ತಿರದಲ್ಲಿ ಯಾರೋ ಮಿರ್ಚಿ ಭಜಿ ಕರಿಯುತ್ತಿದ್ದಾರೆಂದು ಕಿಟಕಿ ಮುಚ್ಚಿದರು, ಕೆಮ್ಮು ಇಮ್ಮಡಿಯಾಯಿತು. ಶಂಭುಲಿಂಗ ಒಬ್ಬನೇ ಆರಾಮಾಗಿ ಕೂತು, ಪಾಪ ಈ ಊರಿಗೆ ಏನೋ ಜಡ್ಡು ಬಂದೈತಿ ಅಂದುಕೊಂಡ.

ಎರಡನೆಯ ದಿನ ಚೇತನಕುಮಾರ ಪಾಠ ಹೇಳುತ್ತ ಸಾಲುಗಳ ನಡುವೆ ಓಡಾಡಿದ. ಬಾಗಿಲ ಬಳಿ ಒಂದು ಸೀನು, ನಡುವೆ ಎರಡು. ಶಂಭುಲಿಂಗನ ಹತ್ತಿರ ಬಂದಾಗ ಸೀನು ನಿಲ್ಲಲೇ ಇಲ್ಲ. ಶಂಭುಲಿಂಗ ದಿನಾ ಬೆಳಿಗ್ಗೆ ಯಾರ್ಡಿನಲ್ಲಿ ಹಮಾಲರನ್ನು ಕಂಡು, ಚೀಲದ ಮೇಲೆ ಕೂತು ಚಹಾ ಕುಡಿದು ಬಸ್ಸು ಹತ್ತುವವನು. ಅಂಗಿ, ಧೋತ್ರ, ಚೀಲ ಎಲ್ಲದರಲ್ಲೂ ಮೆಣಸಿನಪುಡಿ ಕೂತಿತ್ತು.

"ನಂಗೇನೂ ವಾಸನಿ ಬರಾಕತ್ತಿಲ್ಲಲ್ರಿ ಸರ್," ಅಂದ ಶಂಭುಲಿಂಗ, ಖರೇನೇ ಆಶ್ಚರ್ಯದಿಂದ.

ಕಣ್ಣೊರೆಸಿಕೊಳ್ಳುತ್ತ ಚೇತನಕುಮಾರ ಅವನನ್ನು ಮಧ್ಯಾಹ್ನವೇ ಮನೆಗೆ ಕಳಿಸಿದ. ಸ್ನಾನ ಮಾಡಿ, ಯಾರ್ಡಿಗೆ ಹೋಗದೆ, ನಾಳೆ ಬೇರೆ ಬಟ್ಟೆಯಲ್ಲಿ ಬನ್ನಿ ಅಂದ. ಮಧ್ಯಾಹ್ನದ ಹಾಜರಿ ಮಾತ್ರ ಹೋಯಿತು.

ಅವನು ಹೇಳಿದ್ದನ್ನು ಶಂಭುಲಿಂಗ ಚಾಚೂ ತಪ್ಪದೆ ಮಾಡಿದ. ಮರುದಿನ ಯಾರ್ಡಿನ ದಾರಿ ಬಿಟ್ಟು ಸುತ್ತುಹಾಕಿ ಬಸ್ ಸ್ಟ್ಯಾಂಡಿಗೆ ಹೋದ. ಎರಡೆರಡು ಸಲ ಮೈ ತೊಳೆದಿದ್ದ. ನಾದಿನಿಯ ಮದುವೆಗೆ ಹೊಲಿಸಿದ ಅಂಗಿಯನ್ನು ಶೈಲಾ ಟ್ರಂಕಿನ ತಳದಿಂದ ತೆಗೆದು ಕೊಟ್ಟಿದ್ದಳು. ಆದರೆ ಬ್ಯಾಡಗಿಯ ಮನೆಗಳಲ್ಲಿ ಒಳ್ಳೆಯ ಬಟ್ಟೆಗೆ ಹುಳ ಹತ್ತದಿರಲೆಂದು ಮಡಿಕೆಯೊಳಗೆ ಒಣಮೆಣಸಿನಕಾಯಿ ಇಡುವುದುಂಟು. ಅದು ಗಂಡಹೆಂಡತಿ ಇಬ್ಬರಿಗೂ ಹೊಳೆಯಲೇ ಇಲ್ಲ. ಅವನು ಒಳಗೆ ಕಾಲಿಟ್ಟದ್ದೇ ತಡ, ಹಿಂದಿನ ಎರಡೂ ದಿನಗಳ ಕೆಮ್ಮು ಏನೂ ಅಲ್ಲ ಅನ್ನಿಸಿಬಿಟ್ಟಿತು.

ಆಗ ಎದ್ದವಳು ಗುತ್ತಲದ ಏಜೆಂಟ ದೌಲತಬಿ. ಸೆರಗು ಮೂಗಿಗೆ ಹಿಡಿದೇ ಹೇಳಿದಳು, ಹೊರಗ ಬೇವಿನ ಗಿಡ ಐತಿ, ಗಾಳಿ ಐತಿ, ಎಲ್ಲಾರೂ ಅಲ್ಲೇ ಕುಂದ್ರೋಣು ಅಂತ. ತರಬೇತಿ ಕೊಠಡಿಯಲ್ಲೇ ನಡೆಯಬೇಕೆಂಬ ನಿಯಮವಿದೆ ಅಂದ ಚೇತನಕುಮಾರ. ಕಾಂಪೌಂಡಿಗೆ ನಾಕೂ ಕಡೆ ಗೋಡೆ ಐತಲ್ರಿ, ಮ್ಯಾಲ ಗಿಡ ಐತಿ, ಕೊಠಡಿಗೆ ಇನ್ನೇನ್ ಬೇಕ್ರಿ ಅಂತ ಅವಳು ಕೇಳಿದಳು. ಅವನು ವಾದಿಸಲು ಬಾಯಿ ತೆರೆದ, ಸೀನು ಬಂತು. ಕಪ್ಪು ಹಲಗೆ ಗಿಡದ ಕೆಳಗೆ ಹೋಯಿತು. ಗಾಳಿ ಹೋಗುವ ಕಡೆ ಶಂಭುಲಿಂಗನ ಕುರ್ಚಿ, ಗಾಳಿ ಬರುವ ಕಡೆ ಉಳಿದವರದು. ಆಮೇಲಿನ ಪಾಠ ಸುಸೂತ್ರವಾಗಿ ನಡೆಯಿತು.

ಗುರುವಾರ ಸಂಜೆ ಹಾಜರಿ ಕೂಡಿಸಿದಾಗ ಶಂಭುಲಿಂಗನದು ಕಡಿಮೆ ಬಿತ್ತು. ಆ ಮಂಗಳವಾರದ ಮಧ್ಯಾಹ್ನ. ಚೇತನಕುಮಾರನಿಗೂ ಕೆಟ್ಟದೆನಿಸಿತು, ಕಳಿಸಿದವನು ಅವನೇ ತಾನೆ. ಬಿಟ್ಟುಹೋದ ಪಾಠವನ್ನು ಈಗಲೇ ಮತ್ತೆ ಮಾಡಬಲ್ಲೆ, ಆದರೆ ಒಬ್ಬರಿಗಾಗಿ ತರಗತಿ ನಡೆಸುವಂತಿಲ್ಲ, ಹತ್ತು ಜನರಾದರೂ ಇರಬೇಕು ಅಂದ. ಅಷ್ಟರಲ್ಲಿ ಎಲ್ಲರೂ ಚೀಲ ಹೆಗಲಿಗೇರಿಸಿದ್ದರು. ಒಬ್ಬೊಬ್ಬರಿಗೂ ಒಂದೊಂದು ಬಸ್ಸು.

ಊರ ಮಂದಿಯನ್ನೆಲ್ಲ ಮಾತಿನಲ್ಲಿ ಕೂಡಿಸುವ ಶಂಭುಲಿಂಗನಿಗೆ ತನಗಾಗಿ ಕೇಳಲು ನಾಲಿಗೆ ಏಳಲಿಲ್ಲ. ಕುರ್ಚಿ ಹಿಡಿದುಕೊಂಡು ನಿಂತು, ಕೊನೆಗೆ ಅಂದ:

"ನಾ ಯಾರಿಗೂ ಕುಂದ್ರಿ ಅನ್ನಾಂಗಿಲ್ಲ. ಮೂರ್ ದಿನ ಕೆಮ್ಮಿಸೇನಿ ನಿಮ್ಮನ್ನ. ಆದ್ರ ನೀವ್ ಎದ್ ಹೋದ್ರ, ಐತವಾರದಿಂದ ಯಾರ್ಡಿನ್ಯಾಗ ನಾ ಬರೇ ಶಂಭುಲಿಂಗ. ಏಜೆಂಟ ಅಲ್ಲ."

 ದೌಲತಬಿ ಹೆಗಲ ಚೀಲ ಇಳಿಸಿದಳು.

"ಗುತ್ತಲದ ಬಸ್ಸು ಹೋದ್ರ ಹೋಗ್ಲಿ ಶಂಭಣ್ಣ. ನಮ್ಮ ತಮ್ಮನ ಮನಿ ಇಲ್ಲೇ ಐತಿ, ಅವನ ಹೇಂತಿ ಬಾಯಿಗೆ ಬೀಳ್ಬೇಕು, ಅಷ್ಟ. ಹೇಳ್ರಿ ಸರ್, ಮೊದಲಿಂದ ಹೇಳ್ರಿ."

ಒಬ್ಬರು ಕೂತರು, ಇನ್ನೊಬ್ಬರು ಕೂತರು. ಲಗೂ ಮುಗಿಸ್ರಿ ಅಂತ ಗೊಣಗಿದವರೂ ಕೂತರು. ಚೇತನಕುಮಾರ ಎಣಿಸಿದ, ಹತ್ತಕ್ಕಿಂತ ಹೆಚ್ಚೇ ಇದ್ದರು. ಒಮ್ಮೆ ಕೇಳಿದ ಪಾಠ, ಹಾಗಾಗಿ ಅವನು ಪ್ರಶ್ನೆ ಕೇಳುವ ಮೊದಲೇ ಉತ್ತರ ಬರುತ್ತಿತ್ತು. ಪಾಠ ಮುಗಿದರೂ ತಾಸು ಮುಗಿಯಲಿಲ್ಲ. ಉಳಿದ ಹೊತ್ತಿಗೆ ಪ್ರತಿಯೊಬ್ಬರೂ ತಾವು ಮಾಡಿದ ಮೊದಲ ಪಾಲಿಸಿಯ ಕಥೆ ಹೇಳಿ ಅಂದ. ದೌಲತಬಿ ಮೊದಲ ಪಾಲಿಸಿಯನ್ನು ಸ್ವಂತ ಗಂಡನಿಗೇ ಮಾಡಿಸಲು ವಾರಗಟ್ಟಲೆ ಜಗಳಾಡಿದ್ದನ್ನು ಹೇಳುವಾಗ ಬೀದಿದೀಪಗಳು ಹತ್ತಿದವು. ಆದರೂ ಯಾರಿಗೂ ಬಸ್ಸಿನ ನೆನಪಾಗಲಿಲ್ಲ.

ಸರ್ಟಿಫಿಕೇಟಿಗೆ ಸಹಿ ಬಿತ್ತು. ಶುಕ್ರವಾರ ಕಚೇರಿ ತೆರೆಯುವ ಮೊದಲೇ ಶಂಭುಲಿಂಗ ಹಾವೇರಿಯ ಶಾಖೆಯ ಮೆಟ್ಟಿಲ ಮೇಲೆ ಕೂತಿದ್ದ. ಅಲ್ಲಿಯ ಹಿರಿಯ ಅಧಿಕಾರಿ ತಿರಕಪ್ಪನವರು ಕಾಗದ ನೋಡಿ, ಠಸ್ಸೆ ಹೊಡೆದು, ಇನ್ನು ಮೂರು ವರ್ಷ ನಿಶ್ಚಿಂತೆ ಅಂದರು.

ಶಂಭುಲಿಂಗ ಏಳಲಿಲ್ಲ. ಮುಂದಿನ ಸಲದ ತರಬೇತಿ, ಯಾರ್ಡು ಖಾಲಿ ಇರುವ ಮಳೆಗಾಲದಲ್ಲಿ ಇರುತ್ತದೋ ಹೇಗೆ ಅಂತ ಕೇಳಿದ. ಅದು ಇನ್ನೂ ಎಷ್ಟೋ ದೂರ ಐತಲ್ಲಪಾ ಅಂತ ಅವರು ನಕ್ಕರು.

"ಇರ್ಲಿ ಬಿಡ್ರಿ ಸಾಹೇಬ್ರ," ಅಂದ ಶಂಭುಲಿಂಗ, "ಹೆಸರು ಇವತ್ತೇ ಬರಕೊಳ್ರಿ."