ಬೇರೆ ಮನೆಯ ವಾಕ್ಯ

"ಹೂವಿಗೆ ನಾನೂರು, ತಮಟೆಯೋರಿಗೆ ಐನೂರು, ಫೋಟೋ ಹಾಕಿ ಫ್ಲೆಕ್ಸ್ ಮಾಡ್ಸಿದ್ರೆ ಇನ್ನೊಂದು ಮುನ್ನೂರು," ಎಂದು ಯತಿರಾಜ್ ಬೆರಳು ಮಡಚಿದ. ಚಿನ್ನಪ್ಪ ಮೇಷ್ಟ್ರ ಹಳೆಯ ಶಿಷ್ಯನಾದ ಅವನು ಸಾವಿನ ಸುದ್ದಿ ಕೇಳಿ, ಸಾಮಾನು ತರಲೆಂದು ಬೆಳಿಗ್ಗೆಯೇ ಟೆಂಪೊ ತಂದು ಬಾಗಿಲಲ್ಲಿ ನಿಲ್ಲಿಸಿದ್ದ.

"ಫ್ಲೆಕ್ಸ್ ಯಾತಕ್ಕಪ್ಪಾ?" ಎಂದರು ಮೇಷ್ಟ್ರ ಹೆಂಡತಿ ರಾಮಕ್ಕ. "ಅವ್ರ ಮೊಕ ಬೇರಿಕೆ ಊರಿಗೆಲ್ಲಾ ಗೊತ್ತು. ಕೋಮಲಾ, ನೀನೊಂದು ಪ್ಯಾರಾ ಬರ್ದು ಓದವ್ವ. ಮೂವತ್ತು ವರ್ಸ ಅವ್ರು ಅದನ್ನೇ ತಾನೆ ಕಲ್ಸಿದ್ದು."

ಮೇಷ್ಟ್ರು ಪಾಠ ಮಾಡುತ್ತಿದ್ದ ಶಾಲೆಯಲ್ಲಿಯೇ ಕೋಮಲಾ ಈಗ ಟೀಚರು. ರಜಾ ಅರ್ಜಿಯನ್ನೂ ಅವರಿಗೆ ತೋರಿಸದೆ ಕೊಟ್ಟವಳಲ್ಲ. ಇವತ್ತು ಬರೆದದ್ದನ್ನು ನೋಡುವವರು ಯಾರು? ತಪ್ಪಿದರೆ ಅವರ ಮುಂದೆಯೇ, ಊರೆಲ್ಲ ಕೇಳುವ ಹಾಗೆ ತಪ್ಪುತ್ತದೆ. ಜಗಲಿಯ ಮೇಲೆ ಕೂತು ಬರೆದಳು.

"ನನ್ನ ಹೆಸ್ರೂ ಒಂದ್ ಕಡೆ ತೂರ್ಸವ್ವ," ಎಂದರು ಮೇಷ್ಟ್ರ ಅಣ್ಣ ದೊಡ್ಡವೆಂಕಟಪ್ಪ.

"ಸುಮ್ಕಿರು ಭಾವ, ನಿನ್ನ ಸರದಿ ಬಂದಾಗ ಬರ್ಸೋಣ," ಎಂದರು ರಾಮಕ್ಕ. ಅಳುತ್ತಿದ್ದವರೂ ನಕ್ಕರು.

ಕೋಮಲಾ ಮೆಲ್ಲಗೆ ಓದಿ ತೋರಿಸಿದಳು.

"ನಮ್ಮ ಮೇಷ್ಟ್ರು ಯಾವತ್ತೂ ಅವಸರಪಟ್ಟವರಲ್ಲ. ಹೊಸೂರಿನ ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಕೂತಿರುತ್ತಿದ್ದರು. ಒಂದೇ ಪ್ಯಾರಾವನ್ನು ಏಳು ಸಲ ಬರೆಸಿ, ಎಂಟನೆಯ ಸಲಕ್ಕೂ ಕಾಗದ ಕೊಡುತ್ತಿದ್ದರು. ನಮ್ಮಪ್ಪನನ್ನು ಒಪ್ಪಿಸಿ ನನ್ನನ್ನು ಕಾಲೇಜಿಗೆ ಸೇರಿಸಿದರು. ನಿನ್ನೆಯೂ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಆಮೇಲೆಯೇ ಹೋದರು."

ದೊಡ್ಡವೆಂಕಟಪ್ಪ ಕಣ್ಣೊರೆಸಿಕೊಂಡರು. ಓದು ಬರಹ ಬಾರದ ರಾಮಕ್ಕ ತಲೆಯಾಡಿಸಿದರು.

"ಎಲ್ಲಾ ಸರಿ ಕಣವ್ವ. ಆ ನಾಕನೇದು ಮಾತ್ರ ಈ ಮನೇದಲ್ಲ."

*

ಹತ್ತನೇ ಕ್ಲಾಸಿನಲ್ಲಿದ್ದಾಗ ಕೋಮಲಾ ಇದೇ ಜಗಲಿಯ ಮೇಲೆ ಕೂತು ಊರ ಸಂತೆಯ ಬಗ್ಗೆ ಬರೆದಿದ್ದಳು. ಟೊಮೇಟೊ, ಹುಣಸೆಹಣ್ಣು, ಕೋಳಿಗಳ ನಡುವೆ ಅಜ್ಜಿ ಪಿಳ್ಳಮ್ಮನ ಜ್ವರವೂ ಬಂದಿತ್ತು. ಮೇಷ್ಟ್ರು ಆ ವಾಕ್ಯದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು.

"ಅಜ್ಜಿ ಪಾಪ, ಸಂತೇಲಿ ಯಾಕಮ್ಮಾ ಮಲಗ್ಸಿದ್ದೀಯ? ಒಂದು ಪ್ಯಾರಾ ಅಂದ್ರೆ ಒಂದು ಮನೆ. ಮೊದಲ್ನೇ ವಾಕ್ಯ ಯಜಮಾನ. ಅವನ ಮಾತು ಕೇಳದೋರಿಗೆ ಬೇರೆ ಮನೆ ಮಾಡ್ಕೊಡು."

ಬಾಗಿಲ ಹಿಂದೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ರಾಮಕ್ಕ ಕಿಸಕ್ಕನೆ ನಕ್ಕಿದ್ದರು.

*

"ಇದ್ರಲ್ಲಿ ನಂದು ಅಂತ ಇರೋದು ಅದೊಂದೇ ಮಾತು ಅಮ್ಮಾ," ಎಂದಳು ಕೋಮಲಾ. "ಅದನ್ನೂ ತೆಗೀಬೇಕಾ?"

"ಅವಸರಪಡ್ಲಿಲ್ಲ ಅಂತ ತಾನೆ ನೀನು ಶುರು ಮಾಡಿರೋದು? ನಿಮ್ಮಪ್ಪನ್ನ ಒಪ್ಸಿದ ದಿನ ಪಟ್ರಲ್ಲ! ನಿಮ್ಮಪ್ಪ ನಿನ್ನ ಮದ್ವೆ ಮಾತಾಡಕ್ಕೆ ರಾಯಕೋಟೆಗೆ ಹೊಂಟವ್ನೆ ಅಂತ ಯಾರೋ ಅಂದ್ರು. ಉಣ್ತಿದ್ದೋರು ಎದ್ದು, ಕೈ ಕೂಡ ತೊಳೀದೆ, ಬರಿಗಾಲಲ್ಲಿ ಓಡ್ಬುಟ್ರು ಕಣೆ. ಜೀಪು ಹತ್ತೋಕೆ ಮುಂಚೆ ಹಿಡೀಬೇಕಲ್ಲ."

ಕೋಮಲಾಗೆ ಇದು ಗೊತ್ತಿರಲಿಲ್ಲ. ಮೇಷ್ಟ್ರು ಬಂದು ಮಾತಾಡಿದರು ಎಂದಷ್ಟೇ ಅಪ್ಪ ಹೇಳಿದ್ದ.

ಅವಳು ನಾಲ್ಕನೆಯ ವಾಕ್ಯವನ್ನು ಹೊಡೆದುಹಾಕಿದಳು. ಉಳಿದದ್ದನ್ನು ಎದ್ದು ನಿಂತು ಓದಿದಳು. ಲೋಟ ತೊಳೆದಿಟ್ಟ ಮಾತು ಬಂದಾಗ ರಾಮಕ್ಕ ಹೌದೆಂದು ತಲೆದೂಗಿದರು.

ತಮಟೆ ಶುರುವಾಯಿತು. ಮೇಷ್ಟ್ರನ್ನು ಹೊತ್ತವರು ಜೀಪು ನಿಲ್ಲುವ ರಸ್ತೆಗೇ ಇಳಿದರು. ಕೋಮಲಾ ಬಾಗಿಲಲ್ಲಿ ನಿಂತು ಆ ರಸ್ತೆಯ ಉದ್ದವನ್ನು ನೋಡಿದಳು. ಜಲ್ಲಿ ಎದ್ದ ರಸ್ತೆ, ಒಂದು ಮೈಲಿಗೆ ಕಡಿಮೆಯಿಲ್ಲ. ಪ್ಯಾರಾದಿಂದ ಅವಳ ಒಂದು ವಾಕ್ಯ ಹೋಗಿತ್ತು. ಅಷ್ಟು ದೂರ ಅವರು ಅವಳಿಗಾಗಿ ಓಡಿದ್ದರೆಂಬುದು ಸಿಕ್ಕಿತ್ತು.